ಮಾರಿ ಸಾಕು, ಕಾಲು ತೋರಿಸಬೇ ಯವ್ವಾ

ನಮ್ಮವ್ವಗ 74 ವರ್ಷ. ಗದಗಿನ ಮನ್ಯಾಗ ಒಬ್ಬಾಕಿನ ಇರ್ತಾಳ. ನಾ ಪುಣೆದಾಗ. ದಿನಾ ಸಂಜಿಗೆ ವಿಡಿಯೊ ಕಾಲ್ ಮಾಡ್ತೀನಿ. "ಆರಾಮ ಇದ್ದೀಯೇನಬೇ?" ಅಂತೀನಿ, "ಆರಾಮ ಅದೀನಿ" ಅಂತಾಳ. ಅಕಿ ಮಾರಿ ನೋಡಿದ್ರ ನನಗ ಸಮಾಧಾನ.

ಹೋದ ವರ್ಷ ನಮ್ಮ ದೊಡ್ಡವ್ವ ಬಚ್ಚಲದಾಗ ಬಿದ್ದು ತೊಡಿ ಎಲುಬು ಮುರಕೊಂಡ್ಲು. ಅಕಿ ಸೊಸಿ, ಅಂದ್ರ ನಮ್ಮ ವೈನಿ, ಹುಬ್ಬಳ್ಳ್ಯಾಗ ಫಿಜಿಯೊಥೆರಪಿ ಮಾಡ್ತಾರ. ಇನ್ನೊಬ್ರು ಹಂಗ ಬೀಳಬಾರದು ಅಂತ ಬಳಗದ ವಯಸ್ಸಾದವರಿಗೆಲ್ಲಾ ಫೋನಿನ್ಯಾಗ ವ್ಯಾಯಾಮ ಹೇಳಿಕೊಡಾಕ ಶುರು ಮಾಡಿದ್ರು. ಸೋಮವಾರ, ಬುಧವಾರ, ಶುಕ್ರವಾರ, ಮುಂಜಾನೆ ಹತ್ತೂವರಿಗೆ. ಕುರ್ಚಿಯಿಂದ ಎದ್ದು ಕೂಡೂದು, ಹಿಮ್ಮಡ ಎತ್ತೂದು, ಒಂದು ಕಾಲಿನ ಮ್ಯಾಲ ನಿಂದ್ರೂದು, ಹಿಮ್ಮಡಕ್ಕ ಬಟ್ಟು ಹಚ್ಚಿ ನಡಿಯೂದು.

ಮೂರು ವಾರ ಅವ್ವ ತಪ್ಪಸಲಿಲ್ಲ. ಒಂದು ಶುಕ್ರವಾರ ನಾನೂ ಕೂಡಿದ್ದೆ. ಸ್ಟೀಲಿನ ಡಬ್ಬಿಗೆ ಆನಿಸಿಟ್ಟ ಅಕಿ ಫೋನು ಸರ್ ಅಂತ ಜಾರಿತು. ನೋಡ್ತೀನಿ, ಎಲ್ಲಾರೂ ಒಂಟಿಗಾಲಿನ ಮ್ಯಾಲ ನಿಂತಾರ, ನಮ್ಮವ್ವ ಮಂಚದ ಮ್ಯಾಲ ಕುಂತಾಳ! ಅಷ್ಟು ದಿನ ಬರೇ ಮಾರಿ ತೋರಿಸಿ, "ಮಾಡಾಕತ್ತೀನಿ" ಅಂದಿದ್ಲು. ನಾ ಎಲ್ಲಾರ ಮುಂದ ಬೈದೆ. ಅಕಿ ಫೋನ್ ಇಟ್ಟುಬಿಟ್ಲು.

ಸಂಜಿಗೆ ತಾನ ಮಾಡಿದ್ಲು. "ದೀಪಾವಳಿ ಮುಂದ ಹಿತ್ತಲದಾಗ ಬಿದ್ದಿದ್ದೆ. ಮುರದದ್ದೇನಿಲ್ಲ. ಆದ್ರ ಅವತ್ತಿಂದ ಕಾಲು ಎತ್ತಾಕ ಜೀವ ಹೆದರತೈತಿ."

"ನನಗ್ಯಾಕ ಹೇಳ್ಲಿಲ್ಲ?"

"ಹೇಳಿದ್ರ ಮನಿಗೆ ಕೀಲಿ ಹಾಕಿ ಪುಣೆಕ್ಕ ಒಯ್ತಿದ್ದಿ."

ನನ್ನ ಬಾಯಿ ಕಟ್ಟಿತು. ಖರೇನ, ನಾ ಹಂಗ ಮಾಡ್ತಿದ್ದೆ.

ವೈನಿ ಬೈಲಿಲ್ಲ. "ಬಿದ್ದವರು ಹೆದರಿ ಕೂಡ್ತಾರ, ಕುಂತ್ರ ಕಾಲಿನ ಶಕ್ತಿ ಹೋಗತೈತಿ, ಶಕ್ತಿ ಹೋದ್ರ ಮತ್ತ ಬೀಳ್ತಾರ" ಅಂದ್ರು. ನ್ಯೂಜಿಲೆಂಡಿನ ಒಟಾಗೊದಾಗ ಇಂಥಾದ್ದ ವ್ಯಾಯಾಮ ತಯಾರ ಮಾಡಿ, 80 ದಾಟಿದ 233 ಹೆಂಗಸರ ಜೋಡಿ ಪರೀಕ್ಷೆ ಮಾಡಿ ನೋಡ್ಯಾರಂತ. 1997ರಾಗ ಅದರ ವರದಿ ಬಂತು. ವ್ಯಾಯಾಮ ಮಾಡಿದವರು ಬೀಳೂದು ಕಡಿಮಿ ಆಗಿತ್ತು. "ಆದ್ರ ಅಲ್ಲಿ ಕಲಸವ್ರು ಮನಿಗೇ ಹೋಗಿ ಕಲಿಸಿದ್ರು. ನಾ ಗದಗಿಗೆ ಬರಾಕ ಆಗೂದಿಲ್ಲ. ಅದಕ್ಕ ಫೋನ ನನ್ನ ಕಣ್ಣಾಗಬೇಕು" ಅಂದ್ರು.

ಮೊದಲು ಅವ್ವನ್ನ ಡಾಕ್ಟರಿಗೆ ತೋರಿಸಿದ್ವಿ. ಬಿಪಿ ಮಲಗಿದಾಗ ಬ್ಯಾರೆ, ನಿಂತಾಗ ಬ್ಯಾರೆ ನೋಡಿದ್ರು, ಗುಳಿಗಿ ನೋಡಿದ್ರು, ಕಣ್ಣು ನೋಡಿದ್ರು. ಆಮ್ಯಾಲ ವೈನಿ ಎಲ್ಲಾರಿಗೂ ಹೊಸಾ ಕಟ್ಟು ಮಾಡಿದ್ರು:

ಫೋನು ದೂರ ಇಡಬೇಕು, ತಲಿಯಿಂದ ಪಾದದ ತನಕ ಕಾಣಬೇಕು. ಕುರ್ಚಿ ಗಟ್ಟಿ ಇರಬೇಕು, ಗ್ವಾಡಿಗೆ ಹಚ್ಚಿರಬೇಕು. ಪ್ಲಾಸ್ಟಿಕ್ ಕುರ್ಚಿ ಜಾರತೈತಿ, ಬ್ಯಾಡ. ಸೀರಿ ಪಾದದ ಮ್ಯಾಲ ಇರಬೇಕು. ನುಣ್ಣನ ಫರಸಿ ಮ್ಯಾಲ ಕಾಲಚೀಲ ಬ್ಯಾಡ. ಒಂಟಿಗಾಲಿನ ವ್ಯಾಯಾಮಕ್ಕ ಅಡಗಿಮನಿ ಕಟ್ಟಿ ಹಿಡಕೋಬೇಕು, ಮನ್ಯಾಗ ಇನ್ನೊಬ್ರು ಇರಬೇಕು. ತಲಿ ತಿರಗಿದ್ರ, ಎದಿ ಹಿಡದ್ರ ಅಲ್ಲೇ ನಿಲ್ಲಿಸಿ ಕೂಡಬೇಕು.

ಪರದೆದಾಗ ಎಡಾ-ಬಲಾ ತಿಳಿಯವೊಲ್ದು ಅಂತ ಕಾಕು ತಕರಾರು ತಗದ್ಲು. ಈಗ ವೈನಿ "ಉಣ್ಣೂ ಕೈ ಕಡಿ ಕಾಲು" ಅಂತಾರ. ಎಲ್ಲಾರೂ ಸರಿ ಎತ್ತತಾರ.

ಅವ್ವಗ ಮೊದಲಿಂದ ಶುರು ಆತು, ಕುಂತ ಮಾಡೂದರಿಂದ. ಬಾಜೂಮನಿ ಕಾಕು ಅಕಿ ಮಗ್ಗಲದಾಗ ನಿಂದರತಾಳ, ಹಂಗ ತಾನೂ ಮಾಡ್ತಾಳ. ಎರಡು ತಿಂಗಳಾದ ಮ್ಯಾಲ ಅವ್ವ ಕೈ ಊರದ ಕುರ್ಚಿಯಿಂದ ಐದು ಸಲ ಎದ್ದು ಕುಂತ್ಲು. ಒಂಟಿಗಾಲಿಗೆ ಇನ್ನೂ ಕಟ್ಟಿ ಹಿಡೀತಾಳ. ಹಿಡೀಲಿ.

ನಾವಿಬ್ರೂ ಒಂದು ಮಾತು ಮಾಡಕೊಂಡೀವಿ. ಬಿದ್ರ ಅಕಿ ಅವತ್ತ ಹೇಳಬೇಕು. ಹೇಳಿದ್ರ ನಾ ಪುಣೆ ಅನ್ನೂ ಮಾತು ಎತ್ತಬಾರದು. ನನ್ನ ಪಾಲಿಂದ ಕಷ್ಟ ಐತಿ, ಆದ್ರೂ ಒಪ್ಪೀನಿ. ಸುಳ್ಳು ಆರಾಮಕ್ಕಿಂತ ಖರೇ ಸುದ್ದಿ ನನಗ ಬೇಕು.

ನೀವೂ ಇವತ್ತು ಅವ್ವಗೋ ಅತ್ತಿಗೋ ಕಾಲ್ ಮಾಡಿದ್ರ, ಎದ್ದು ನಾಕು ಹೆಜ್ಜಿ ನಡದು ತೋರಸಂತ ಹೇಳ್ರಿ. ನೋಡಿ ಬೈಬ್ಯಾಡ್ರಿ ಮತ್ತ.