ಗುಹೆಯೊಳಗಿನ ಮಕ್ಕಳು

ಶನಿವಾರ ಸಂಜೆಯಾದರೆ ಪುಣೆಯ ನಮ್ಮ ಮನೆಯ ಊಟದ ಮೇಜು ನಮ್ಮದಲ್ಲ. ಮಗಳು ಮತ್ತವಳ ನಾಲ್ವರು ಗೆಳೆಯರು ಇಪ್ಪತ್ತು ಮುಖದ ದಾಳ ಉರುಳಿಸುತ್ತಾ ‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’ ಆಡುತ್ತಾರೆ. 1974ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಆಟ. ಒಬ್ಬರು ಕತೆ ನಡೆಸಬೇಕು, ಉಳಿದವರು ಒಂದೊಂದು ಪಾತ್ರವಾಗಿ ಮಾತಾಡಬೇಕು. ನಮ್ಮೂರ ತಾಳಮದ್ದಳೆಗೆ ದೂರದ ನಂಟು ಅಂತ ನನ್ನ ಲೆಕ್ಕ.

ಮೊನ್ನೆ ಆಟ ನಿಂತುಬಿಟ್ಟಿತು. ಅವರ ತಂಡ ಓರ್ಕ್‌ ಎಂಬ ರಾಕ್ಷಸರ ಗುಹೆಗೆ ನುಗ್ಗಿ ದೊಡ್ಡವರನ್ನೆಲ್ಲ ಕೊಂದಾಗಿತ್ತು. ಒಳಗೆ ನೋಡಿದರೆ ಮಕ್ಕಳು. ಈಗೇನು ಮಾಡುವುದು? ಒಬ್ಬ ಹುಡುಗ 1977ರ ಹಳೆಯ ಆವೃತ್ತಿಯೊಂದನ್ನು ಮೊಬೈಲಿನಲ್ಲಿ ತೆರೆದ. ಪ್ರಾಣಿ ಎಷ್ಟು ಏಟು ತಾಳುತ್ತದೆ ಎಂಬುದರ ಜೊತೆಗೇ ಅದರ ಸ್ವಭಾವವೂ ಅಲ್ಲಿ ನಮೂದಾಗಿದೆ. ಓರ್ಕ್‌ನ ಹೆಸರಿನ ಕೆಳಗೆ: ದುಷ್ಟ. ಇಡೀ ಕುಲಕ್ಕೆ ಸೇರಿಸಿ ಒಂದೇ ಸಾಲು.

“ಅಪ್ಪ, ನೀವೇನು ಹೇಳ್ತೀರಿ?”

“ಆಟ ಅಲ್ವಾ ಮಗಾ, ಬೇಗ ಮುಗಿಸಿ ಏಳಿ” ಅಂದೆ.

“ಹಾಗಾದ್ರೆ ಪ್ರಹ್ಲಾದ?”

ರಜೆಯಲ್ಲಿ ಊರಿಗೆ ಕರೆದೊಯ್ದು ಯಕ್ಷಗಾನ ತೋರಿಸಿದವನು ನಾನೇ, ಅನುಭವಿಸಬೇಕು.

ಓರ್ಕ್‌ಗಳನ್ನು ಕತೆಗೆ ತಂದ ಟೋಲ್ಕಿನ್‌ಗೂ ಈ ಪ್ರಶ್ನೆ ಕಾಡಿತ್ತು. ತಿದ್ದಲಾಗದಷ್ಟು ಕೆಟ್ಟದಾಗಿಯೇ ಹುಟ್ಟುವ ಕುಲ ಅವನ ಕ್ರೈಸ್ತ ನಂಬಿಕೆಗೆ ಒಗ್ಗುತ್ತಿರಲಿಲ್ಲ. ಆಟದ ಕಂಪನಿಯೂ 2020ರಲ್ಲಿ ಓರ್ಕ್‌ಗಳ ಚಿತ್ರಣ ಬದಲಿಸುವುದಾಗಿ ಹೇಳಿತು. ಆಟ ಸಪ್ಪೆಯಾಯಿತು ಎಂದು ಗೊಣಗಿದವರೂ ಇದ್ದಾರೆ. ಅನುಮಾನವೇ ಬೇಡದ ಶತ್ರು ಸಿಕ್ಕರೆ ಎಷ್ಟು ಹಗುರವೆಂದು ನನಗೂ ಗೊತ್ತು.

ಕಳೆದ ವರ್ಷ ಸೊಸೈಟಿಯಲ್ಲಿ ಸೈಕಲ್ಲೊಂದು ಕಾಣೆಯಾದಾಗ, ಸಿಗ್ನಲ್ ಬಳಿ ಬಲೂನು ಮಾರುವ ಪಾರಧಿ ಕುಟುಂಬಗಳತ್ತ ಮೊದಲು ಬೆರಳು ತೋರಿಸಿದವನು ನಾನು. “ಅವರ ಹುಟ್ಟೇ ಹಾಗೆ” ಅಂದಿದ್ದೆ. ಬ್ರಿಟಿಷರೂ 1871ರಲ್ಲಿ ಕಾನೂನು ಮಾಡಿ ಇಡೀ ಬುಡಕಟ್ಟುಗಳನ್ನೇ ಅಪರಾಧಿಗಳ ಪಟ್ಟಿಗೆ ಸೇರಿಸಿದ್ದರು. ಪಾರಧಿಗಳೂ ಅದರಲ್ಲಿ ಸೇರಿದರು. ಕಾನೂನು 1952ರಲ್ಲಿ ರದ್ದಾಯಿತು. ಅದರ ಸಾಲು ನನ್ನ ಬಾಯಿಗೆ ಹೇಗೆ ಬಂತೋ.

ಸೈಕಲ್ಲು ನಾಲ್ಕನೇ ದಿನ ನಮ್ಮದೇ ಪಕ್ಕದ ವಿಂಗ್‌ನ ಪಾರ್ಕಿಂಗಿನಲ್ಲಿ ಸಿಕ್ಕಿತು. ಅಷ್ಟರಲ್ಲಿ ವಾಚ್‌ಮನ್ ಆ ಕುಟುಂಬಗಳನ್ನು ಎಬ್ಬಿಸಿ ಕಳಿಸಿಯಾಗಿತ್ತು. ಅವರನ್ನು ಹುಡುಕಿಕೊಂಡು ಯಾರೂ ಹೋಗಲಿಲ್ಲ. ನಾನೂ ಹೋಗಲಿಲ್ಲ.

ಮಗಳ ತಂಡ ಕೊನೆಗೆ ಆ ಮಕ್ಕಳನ್ನು ಜೊತೆಗೇ ಕರೆದುಕೊಂಡಿತು. ಈ ಶನಿವಾರ ಊಟಕ್ಕೆ ಕೂತಾಗ ಅವಳದ್ದು ಅದೇ ರಗಳೆ: “ಹೊಟ್ಟೆಬಾಕಗಳಪ್ಪ ಅವು. ಬುತ್ತಿಯೆಲ್ಲ ಎರಡೇ ದಿನಕ್ಕೆ ಖಾಲಿ!”