ಚಿತ್ರಕೂಟದಿಂದ ನಿರುತ್ತರಕ್ಕೆ

ಕೆಲವು ತಿಂಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹೊರದೇಶದಿಂದ ದೂರವಾಣಿ ಮಾಡಿದ್ದ. ಅದೂ ಇದೂ ಮಾತನಾಡಿದ ಮೇಲೆ ಒಂದು ಪ್ರಶ್ನೆ ಹಾಕಿದ: "ಮೇಷ್ಟ್ರೇ, ಇಲ್ಲಿಗೆ ಬಂದು ಹದಿನೆಂಟು ವರ್ಷವಾಯಿತು. ಇಲ್ಲಿಯವರಿಗೆ ನಾನು ಇನ್ನೂ ಹೊರಗಿನವನೇ. ಮೂಡಿಗೆರೆಗೆ ಬಂದರೆ ಅಲ್ಲಿಯೂ ನೆಂಟನೇ. ಒಬ್ಬ ಮನುಷ್ಯ ಒಂದು ಊರಿನವನಾಗುವುದಕ್ಕೆ ಎಷ್ಟು ಕಾಲ ಬೇಕು?" ಇಂತಹ ಪ್ರಶ್ನೆಗೆ ದೂರವಾಣಿಯಲ್ಲಿ ಉತ್ತರ ಹೇಳಲಾಗುವುದಿಲ್ಲ. ಅವನಿಗೂ, ಅವನಂತೆ ಊರು ಬಿಟ್ಟು ಹೋಗಿರುವ ನಿಮ್ಮೆಲ್ಲರಿಗೂ ಸೇರಿಸಿ ಇಲ್ಲಿ ನಾಲ್ಕು ಮಾತು ಬರೆಯುತ್ತಿದ್ದೇನೆ.

ಮೊದಲನೆಯದಾಗಿ, ಮೂಡಿಗೆರೆಯಲ್ಲಿ ಯಾರನ್ನೂ "ನಿಮ್ಮ ಮೂಲ ಊರು ಯಾವುದು?" ಎಂದು ಕೇಳಬಾರದು. ಕೇಳಿದರೆ ಅರ್ಧಕ್ಕರ್ಧ ಜನ ಘಟ್ಟದ ಕೆಳಗೆ ಬೆರಳು ತೋರಿಸುತ್ತಾರೆ. ಉಳಿದವರಲ್ಲಿ ಹಲವರು ಹಾಸನದ ಕಡೆ, ಬಯಲುಸೀಮೆಯ ಕಡೆ, ತಮಿಳುನಾಡಿನ ಕಡೆ ಕೈ ಮಾಡುತ್ತಾರೆ. ಪೇಟೆಯ ಒಂದು ಬೀದಿಯಲ್ಲಿ ನಡೆದರೆ ಕನ್ನಡ, ತುಳು, ಕೊಂಕಣಿ, ಬ್ಯಾರಿ, ತಮಿಳು, ಮಲಯಾಳ ಎಲ್ಲವೂ ಕಿವಿಗೆ ಬೀಳುತ್ತವೆ. ಕಾಫಿಯೇ ಹೊರಗಿನಿಂದ ಬಂದ ಗಿಡ. ಅದರ ಹಿಂದೆ ಜನ ಬಂದರು. ನಾನೂ 1984ರಲ್ಲಿ ಕಡೂರಿನ ಕಡೆಯಿಂದ ಒಂದು ಟ್ರಂಕು, ಒಂದು ಕೊಡೆ ಹಿಡಿದುಕೊಂಡು ಬಂದವನು. ಆ ಕೊಡೆ ಇಲ್ಲಿಯ ಮೊದಲ ಮಳೆಗಾಲವನ್ನೇ ತಾಳಲಿಲ್ಲವೆನ್ನುವುದು ಬೇರೆ ವಿಷಯ.

ಹೀಗೆ ಬಂದವರಲ್ಲಿ ನಮ್ಮೆಲ್ಲರಿಗಿಂತ ಮುಂಚೆ, 1960ರ ದಶಕದಲ್ಲಿ ಬಂದವರೊಬ್ಬರ ಕತೆ ನನ್ನ ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರಕ್ಕೆ ಹತ್ತಿರವಾಗಿದೆ ಎಂದು ನನಗೆ ತೋರುತ್ತದೆ. ಅವರು ಪೂರ್ಣಚಂದ್ರ ತೇಜಸ್ವಿ. ಅವರನ್ನು ನೀವೆಲ್ಲ ಕತೆಗಾರರೆಂದು ಬಲ್ಲಿರಿ. ಆದರೆ ಮೂಡಿಗೆರೆಗೆ ಬರುವಾಗ ಅವರು ಕವಿತೆ ಬರೆಯುತ್ತಿದ್ದ, ಚಿತ್ರ ಬರೆಯುತ್ತಿದ್ದ ತರುಣ. 'ಸೋಮುವಿನ ಸ್ವಗತ ಲಹರಿ' ಎಂಬ ಕವನ ಸಂಕಲನ ಅವರ ಆರಂಭದ ಕೃತಿಗಳಲ್ಲಿ ಒಂದು. ಈಗ ಅದನ್ನು ಓದಿದವರು ಬಹಳ ಕಡಿಮೆ.

ಅವರು ಹುಟ್ಟಿದ್ದು 1938ರಲ್ಲಿ, ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ. ಬೆಳೆದದ್ದು, ಕನ್ನಡ ಎಂ.ಎ. ಮಾಡಿದ್ದು ಮೈಸೂರಿನಲ್ಲಿ. ತಂದೆ ಕುವೆಂಪು ಆ ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದವರು. ಮಗ ಅಧ್ಯಾಪಕನಾಗಿದ್ದರೆ ಅದೇ ಸಹಜವೆಂದು ಎಲ್ಲರೂ ತಿಳಿಯುತ್ತಿದ್ದರು. ಅವರು ಅದನ್ನು ಬಿಟ್ಟು ಕಾಡು ಸವರಿ ಕಾಫಿ ಬೆಳೆಯಲು ಹೊರಟರು. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ತಂದೆ ಮಲೆನಾಡಿನಿಂದ ಮೈಸೂರಿಗೆ ವಲಸೆ ಹೋದವರು. ಮಗ ಮೈಸೂರಿನಿಂದ ಮಲೆನಾಡಿಗೆ ಮರಳಿದವರು. ಆದರೆ ಮರಳಿದ್ದು ಕುಪ್ಪಳಿಗಲ್ಲ. ಅಲ್ಲಿಗೆ ಹೋಗಿದ್ದರೆ ಮನೆತನದ ಹೆಸರು, ಹಜಾರ, ನೆಂಟರಿಷ್ಟರು ಎಲ್ಲ ಸಿದ್ಧವಾಗಿದ್ದವು. ತನ್ನನ್ನು ಯಾರ ಮಗನೆಂದು ಮೊದಲೇ ತೂಗಿ ನೋಡದ ಮಲೆನಾಡೊಂದು ಅವರಿಗೆ ಬೇಕಾಗಿತ್ತು ಎಂದು ನನ್ನ ಊಹೆ. ಇಲ್ಲಿಯ ಮಾತಿನ ರಾಗವೂ ತೀರ್ಥಹಳ್ಳಿಯದಲ್ಲ.

ಭೂತನಕಾಡಿನ ಆ ತೋಟಕ್ಕೆ ಅವರು ಇಟ್ಟ ಹೆಸರು 'ಚಿತ್ರಕೂಟ'. ರಾಮಾಯಣ ಓದಿದವರಿಗೆ ಅದು ವನವಾಸದ ಆರಂಭದಲ್ಲಿ ರಾಮ ಪರ್ಣಶಾಲೆ ಕಟ್ಟಿಕೊಂಡ ಜಾಗ. ಚಿತ್ರಗಾರನೊಬ್ಬನ ಮನೆಗೂ ಒಪ್ಪುವ ಹೆಸರು. 1966ರಲ್ಲಿ ಅಲ್ಲಿಯೇ ಅವರ ಮದುವೆ ರಾಜೇಶ್ವರಿಯವರೊಂದಿಗೆ ಪುರೋಹಿತರಿಲ್ಲದೆ, ಆಡಂಬರವಿಲ್ಲದೆ, ಕುವೆಂಪು ರೂಪಿಸಿದ ಮಂತ್ರಮಾಂಗಲ್ಯದ ಕ್ರಮದಲ್ಲಿ ನಡೆಯಿತು. ನಿಮ್ಮಲ್ಲಿಯೇ ಮೂರು ನಾಲ್ಕು ಮಂದಿ ಮುಂದೆ ಅದೇ ಕ್ರಮದಲ್ಲಿ ಮದುವೆಯಾದಿರಿ, ನಾನು ಬಂದು ಮಜ್ಜಿಗೆ ಕುಡಿದು ಹರಸಿದ್ದೇನೆ. ಆ ಪದ್ಧತಿ ನಮ್ಮ ತಾಲ್ಲೂಕಿನ ಒಂದು ಕಾಫಿ ತೋಟದಿಂದ ಹೊರಟದ್ದೆಂಬುದು ನೆನಪಿರಲಿ.

ಮುಂದೆ ಆ ತೋಟ ಬಿಟ್ಟು ಹ್ಯಾಂಡ್‌ಪೋಸ್ಟಿನ ಹತ್ತಿರ ನೆಲೆಸಿದಾಗ ಮನೆಯ ಹೆಸರು 'ನಿರುತ್ತರ'ವಾಯಿತು. ಚಿತ್ರಕೂಟದಿಂದ ನಿರುತ್ತರಕ್ಕೆ ಬರುವ ಹೊತ್ತಿಗೆ ಕವಿ ಎಲ್ಲಿ ಹೋದ, ಚಿತ್ರಗಾರ ಎಲ್ಲಿ ಹೋದ ಎಂಬುದೇ ನನ್ನನ್ನು ಬಹಳ ಕಾಲ ಕಾಡಿದ ವಿಷಯ.

1973ರ 'ಅಬಚೂರಿನ ಪೋಸ್ಟಾಫೀಸು' ಸಂಕಲನದ ಮುನ್ನುಡಿಯಲ್ಲಿ ಅದರ ಸುಳಿವು ಇದೆ. ಅಂದು ಮೇಲುಗೈ ಪಡೆದಿದ್ದ ನವ್ಯದ ದಾರಿ ತನ್ನ ಮಟ್ಟಿಗೆ ಮುಗಿಯಿತು ಎಂದು ಅವರು ಅಲ್ಲಿ ಸಾರಿದರು. ಲೋಹಿಯಾರ ಚಿಂತನೆ, ಕುವೆಂಪು ಅವರ ಕಲಾಸೃಷ್ಟಿ, ಕಾರಂತರ ಬದುಕಿನ ಪ್ರಯೋಗಶೀಲತೆ ಈ ಮೂರನ್ನು ತನ್ನ ಮುಂದಿನ ಬರವಣಿಗೆಗೆ ಬೆಳಕೆಂದು ಹೇಳಿಕೊಂಡರು. ವಿಮರ್ಶಕರು ಇದನ್ನು ಸಾಹಿತ್ಯ ಚಳವಳಿಗಳ ಜಗಳವಾಗಿ ಓದುತ್ತಾರೆ, ಓದಲಿ. ನಾನು ಅದನ್ನು ವಲಸೆ ಬಂದವನೊಬ್ಬನ ನಿರ್ಧಾರವಾಗಿಯೂ ಓದುತ್ತೇನೆ. ಕೋಣೆಯಲ್ಲಿ ಕುಳಿತು ತನ್ನ ಸ್ವಗತವನ್ನು ತಾನೇ ಬರೆದುಕೊಳ್ಳುವುದಕ್ಕೆ ಊರು ಬೇಕಾಗಿಲ್ಲ, ಎಲ್ಲಿದ್ದರೂ ಆದೀತು. ಪಕ್ಕದಲ್ಲಿ ಕುಳಿತವನ ಮಾತು ಕೇಳಿಸಿಕೊಳ್ಳತೊಡಗಿದರೆ ಮಾತ್ರ ಯಾವ ಊರು ಎನ್ನುವ ಪ್ರಶ್ನೆ ಬರುತ್ತದೆ. ಅವರು ಸ್ವಗತ ನಿಲ್ಲಿಸಿ ಕೇಳಿಸಿಕೊಳ್ಳತೊಡಗಿದರು.

ಯಾರ ಮಾತನ್ನು? ಇದು ಮುಖ್ಯ. ಸಾಹಿತಿಗಳದ್ದಲ್ಲ. 1980ರಲ್ಲಿ ಬಂದ 'ಕರ್ವಾಲೊ' ತೆರೆದು ನೋಡಿ: ಜೇನು ಹಿಡಿಯುವ ಮಂದಣ್ಣ, ಬಿರಿಯಾನಿ ಕರಿಯಪ್ಪ, ತೋಟದ ಪ್ಯಾರ, ಫೋಟೋ ತೆಗೆಯುವ ಪ್ರಭಾಕರ, ಇವರ ನಡುವೆ ಒಬ್ಬ ವಿಜ್ಞಾನಿ, ಒಂದು ನಾಯಿ. ಹಾರುವ ಓತಿಯನ್ನು ಹುಡುಕಿಕೊಂಡು ನಾರ್ವೆಯ ಕಾಡಿಗೆ ಹೊರಡುವ ತಂಡ ಇದು. ಊರಿನವರ ಕಣ್ಣಿಗೆ ಮಂದಣ್ಣ ಉಂಡಾಡಿ ಗುಂಡ. ಕರ್ವಾಲೊ ಅವರ ಕಣ್ಣಿಗೆ ಹುಟ್ಟು ನಿಸರ್ಗ ವಿಜ್ಞಾನಿ. ಈ ಪುಸ್ತಕವನ್ನು ನಾನು ಹತ್ತನೆಯ ತರಗತಿಗೆ, ಶನಿವಾರದ ಕೊನೆಯ ಅವಧಿಯಲ್ಲಿ, ಪಠ್ಯವಲ್ಲದಿದ್ದರೂ ಓದಿ ಹೇಳುತ್ತಿದ್ದೆ. ಒಂದು ವರ್ಷ ಹಿಂದಿನ ಬೆಂಚಿನ ಹುಡುಗನೊಬ್ಬ (ಲೈನ್ ಮನೆಯಿಂದ ಬರುತ್ತಿದ್ದವನು, ಕೊಯ್ಲಿನ ತಿಂಗಳುಗಳಲ್ಲಿ ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಖಾಲಿಯೇ ಇರುತ್ತಿತ್ತು) ಎದ್ದು ನಿಂತು, "ಸಾರ್, ನಮ್ಮಪ್ಪನೂ ಹಿಂಗೇ. ಯಾವ ಮರದಾಗೆ ಜೇನು ಕಟ್ಟೈತೆ ಅಂತ ರಸ್ತೆಯಿಂದ್ಲೇ ಹೇಳ್ತಾರೆ. ಅದು ಪುಸ್ತಕದಾಗೆ ಬರೋ ಅಂಥದ್ದಾ?" ಎಂದು ಕೇಳಿದ. ನನ್ನ ಬಿ.ಎಡ್. ತರಬೇತಿಯಲ್ಲಿ ಕಲಿಸಿದ ಯಾವ ಬೋಧನಾ ವಿಧಾನವೂ ಆ ಹುಡುಗನನ್ನು ಅದುವರೆಗೆ ಬಾಯಿ ಬಿಡಿಸಿರಲಿಲ್ಲ.

ಇನ್ನು ಚಿತ್ರಗಾರ. ಅವನು ಎಲ್ಲಿಗೂ ಹೋಗಲಿಲ್ಲ, ಸಲಕರಣೆ ಬದಲಿಸಿದ ಅಷ್ಟೇ. ಕುಂಚದ ಜೊತೆಗೆ ಕ್ಯಾಮೆರಾ ಬಂತು. ಹಕ್ಕಿಯೊಂದು ಗೂಡಿಗೆ ಮರಳುವ ಕ್ಷಣಕ್ಕಾಗಿ ಗಂಟೆಗಟ್ಟಲೆ ಅಡಗಿ ಕುಳಿತುಕೊಳ್ಳುವುದು ಬಂತು. ಹೊಳೆಯ ದಂಡೆಯಲ್ಲಿ ಗಾಳ ಹಾಕಿ ಕುಳಿತವನಿಗೆ ಆ ತಾಳ್ಮೆ ಮೊದಲೇ ಅಭ್ಯಾಸವಾಗಿತ್ತೇನೋ. 'ಪರಿಸರದ ಕತೆ'ಯನ್ನು ಓದುವಾಗ ಕಾಡು ಕಣ್ಣಿಗೆ ಕಟ್ಟುವುದು ವಿಶೇಷಣಗಳಿಂದಲ್ಲ. ಯಾವ ಕೊಂಬೆಯ ಮೇಲೆ ಯಾವ ಬೆಳಕು ಬಿತ್ತು ಎಂಬುದನ್ನು ನೋಡಿದ ಕಣ್ಣಿನಿಂದ. ಹಕ್ಕಿಗಳನ್ನು ಕುರಿತ ಅವರ ಪುಸ್ತಕಗಳು ಇನ್ನೂ ಒಂದು ಉಪಕಾರ ಮಾಡಿದವು. ನಮ್ಮ ಅಂಗಳದ ಹಕ್ಕಿಗಳನ್ನು ಇಂಗ್ಲಿಷ್ ಹೆಸರಿನಿಂದ ಮಾತ್ರ ಬಲ್ಲ ಮಕ್ಕಳ ಕೈಗೆ ಕನ್ನಡದ ಹೆಸರುಗಳನ್ನು ಕೊಟ್ಟವು. ಕೊನೆಯ ವರ್ಷಗಳಲ್ಲಿ ಕಂಪ್ಯೂಟರಿನಲ್ಲಿ ಕನ್ನಡ ತಡೆಯಿಲ್ಲದೆ ನಡೆಯಬೇಕೆಂದು ಅವರು ಹಟ ಹಿಡಿದದ್ದೂ ಇದೇ ಸ್ವಭಾವದ ಮುಂದುವರಿಕೆ. ನೀವು ಈಗ ಈ ಪುಟವನ್ನು ಕನ್ನಡದಲ್ಲಿ ಓದುತ್ತಿರುವುದರ ಹಿಂದೆ ಅಂತಹ ಹಲವರ ಹಟವಿದೆ.

ಇಷ್ಟು ಹೇಳಿದ ಮಾತ್ರಕ್ಕೆ ಅವರು ಊರನ್ನು ಹಾಡಿ ಹೊಗಳಿದರೆಂದು ತಿಳಿಯಬೇಡಿ. ನನ್ನ ಪ್ರಕಾರ ವಿಷಯವಿರುವುದೇ ಇಲ್ಲಿ. ಹೊರಗಿನಿಂದ ಬಂದವರು ಸಾಮಾನ್ಯವಾಗಿ ಮಲೆನಾಡನ್ನು ಹೊಗಳುತ್ತಾರೆ: ಹಸಿರು, ಮಂಜು, ಕಾಫಿಯ ಘಮ. ಈಗಿನ ಹೋಂಸ್ಟೇ ಫಲಕಗಳನ್ನು ನೋಡಿದರೆ ಸಾಕು. ತೇಜಸ್ವಿಯವರು ಹೊಗಳಲಿಲ್ಲ, ಜಗಳವಾಡಿದರು. 'ಚಿದಂಬರ ರಹಸ್ಯ'ದ ಕೆಸರೂರಿನಲ್ಲಿ ಏಲಕ್ಕಿಯ ಜೊತೆಗೆ ಮನುಷ್ಯರ ನಡುವಿನ ನಂಬಿಕೆಯೂ ಕುಸಿಯುತ್ತ ಹೋಗುತ್ತದೆ (ಅದಕ್ಕೆ 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು). 'ತಬರನ ಕತೆ'ಯಲ್ಲಿ ಪುರಸಭೆಯ ಬಡ ನೌಕರನೊಬ್ಬ ತನ್ನ ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ. ಗಿರೀಶ್ ಕಾಸರವಳ್ಳಿಯವರ ಚಲನಚಿತ್ರವನ್ನು ನೀವು ನೋಡಿರಬಹುದು. ಪಿಂಚಣಿಯ ಕಾಗದಗಳಿಗಾಗಿ ನಾನೂ ಒಂದು ಕಚೇರಿಯ ಮೆಟ್ಟಿಲನ್ನು ಏಳು ತಿಂಗಳು ಹತ್ತಿ ಇಳಿದವನಾದ್ದರಿಂದ, ಆ ಕತೆಯನ್ನು ನಿವೃತ್ತನಾದ ಮೇಲೆ ಮತ್ತೆ ಓದುವ ಧೈರ್ಯ ಮಾಡಿಲ್ಲ. ಊರಿನ ಕೊಳೆಯನ್ನು ಇಷ್ಟು ಹತ್ತಿರದಿಂದ ಕಂಡು, ನಕ್ಕು, ಬೈದು, ಮತ್ತೆ ಅಲ್ಲಿಯೇ ಬಾಳುವುದಿದೆಯಲ್ಲ, ಅದು ನೆಂಟನ ಲಕ್ಷಣವಲ್ಲ, ಮನೆಯವನ ಲಕ್ಷಣ. ನೆಂಟ ಅಡುಗೆ ಚೆನ್ನಾಗಿದೆ ಎನ್ನುತ್ತಾನೆ. ಉಪ್ಪು ಹೆಚ್ಚಾಯಿತೆಂದು ಹೇಳುವವನು ಮನೆಯವನು.

ಬರೀ ಬರೆದು ಕೂತವರೂ ಅಲ್ಲ. ಸಮಾಜವಾದಿ ಯುವಜನ ಸಭೆ, ಅನಂತರ ರೈತ ಚಳವಳಿ, ಎಂ.ಡಿ. ನಂಜುಂಡಸ್ವಾಮಿ, ಕಡಿದಾಳು ಶಾಮಣ್ಣ ಮೊದಲಾದವರ ಒಡನಾಟ. ಇವುಗಳ ಬಗ್ಗೆ ಬಲ್ಲವರು ಬಹಳ ಬರೆದಿದ್ದಾರೆ, ನಾನು ವಿಸ್ತರಿಸುವುದಿಲ್ಲ. ಆ ದಿನಗಳ ಮನೆಯೊಳಗಿನ ಬದುಕನ್ನು ತಿಳಿಯಬೇಕಾದರೆ ರಾಜೇಶ್ವರಿಯವರ 'ನನ್ನ ತೇಜಸ್ವಿ' ಓದಿ. ಆ ತೋಟವನ್ನೂ ಸಂಸಾರವನ್ನೂ ಹೊತ್ತ ಇನ್ನೊಬ್ಬ ವಲಸಿಗರ ಮಾತು ಅದು, ಮತ್ತು ನಮ್ಮ ಚರ್ಚೆಗಳಲ್ಲಿ ಅದಕ್ಕೆ ಸಿಗಬೇಕಾದಷ್ಟು ಜಾಗ ಸಿಕ್ಕಿಲ್ಲ. ಅವರೂ 2021ರ ಡಿಸೆಂಬರಿನಲ್ಲಿ ತೀರಿಕೊಂಡರು.

ತೇಜಸ್ವಿಯವರು ತೀರಿಕೊಂಡದ್ದು 2007ರ ಏಪ್ರಿಲ್ 5ರಂದು, ನಿರುತ್ತರದಲ್ಲಿಯೇ. ಹೂಮಳೆ ಬೀಳುವ ಕಾಲ. ನಾನು ಆಗ ಸೇವೆಯಲ್ಲಿದ್ದೆ. ಮಾರನೆಯ ದಿನ ಪೇಟೆಯಲ್ಲಿ ಕಂಡದ್ದು, ಅವರ ಒಂದು ಪುಸ್ತಕವನ್ನೂ ಓದಿರದವರ ದುಃಖ. ಮೀನಿನ ಅಂಗಡಿಯ ಮುಂದೆ, ಬಸ್ ನಿಲ್ದಾಣದಲ್ಲಿ, ಗ್ಯಾರೇಜಿನ ಬಾಗಿಲಲ್ಲಿ ಜನ ಆಡಿಕೊಳ್ಳುತ್ತಿದ್ದುದು ಕಾದಂಬರಿಯ ಮಾತಲ್ಲ. ಅವರ ಸ್ಕೂಟರಿನ ಮಾತು, ಗಾಳದ ಮಾತು, ಸಿಟ್ಟಿನ ಮಾತು.

ಈಗ ಕೊಟ್ಟಿಗೆಹಾರದಲ್ಲಿ ಅವರ ಹೆಸರಿನ ಪ್ರತಿಷ್ಠಾನವಿದೆ. ಮಳೆ ನೂರಿಂಚು ಮೀರಿ ಸುರಿಯುವ ಜಾಗ. ಊರಿಗೆ ಬಂದಾಗ ಮಕ್ಕಳನ್ನು ಕರೆದುಕೊಂಡು ಹೋಗಿ.

ಒಂದು ವಿಷಯ ಹೇಳದೆ ಮುಗಿಸಲಾರೆ. ಈಚಿನ ವರ್ಷಗಳಲ್ಲಿ ನಮ್ಮ ತೋಟಗಳ ಲೈನ್ ಮನೆಗಳಲ್ಲಿ ಅಸ್ಸಾಮಿನಿಂದ ಬಂದ ಕುಟುಂಬಗಳಿವೆ. ಕಪಾತು, ಮರಗಸಿ, ಹಣ್ಣು ಕೊಯ್ಲು ಎಲ್ಲಕ್ಕೂ ಅವರು ಬೇಕು. ಆದರೆ ಸಂಜೆ ಪೇಟೆಯಲ್ಲಿ ನಾಲ್ಕು ಜನ ಸೇರಿದರೆ "ಹೊರಗಿನವರು ಹೆಚ್ಚಾದರು" ಎಂಬ ಮಾತು. ಆ ಮಾತನ್ನು ಆಡುವವರ ತಾತಂದಿರು ಎಲ್ಲಿಂದ ಬಂದರೆಂಬುದು ನನಗೆ ಗೊತ್ತು. ಅವರ ಮಕ್ಕಳ ದಾಖಲಾತಿ ಪುಸ್ತಕ ಬರೆದವನೇ ನಾನು.

ನಾನು ವಾರಕ್ಕೊಮ್ಮೆ ಹತ್ತಿರದ ಒಂದು ಶಾಲೆಗೆ ಕನ್ನಡ ಓದಿಸಲು ಹೋಗುತ್ತೇನೆ. ಅಲ್ಲಿ ಅಂತಹ ಕುಟುಂಬದ ಹುಡುಗಿಯೊಬ್ಬಳಿದ್ದಾಳೆ. ಕಳೆದ ತಿಂಗಳು 'ಪರಿಸರದ ಕತೆ'ಯ ಒಂದು ಭಾಗ ಓದಿ ಮುಗಿಸಿ, ನೀವು ನೋಡಿದ ಒಂದು ಹಕ್ಕಿಯ ಚಿತ್ರ ಬರೆದು ಹೆಸರು ಬರೆಯಿರಿ ಎಂದೆ. ಅವಳು ಬಣ್ಣದ ಪೆನ್ಸಿಲಿನಲ್ಲಿ ಗೊರವಂಕವನ್ನು ಬರೆದಿದ್ದಳು. ಕೊಕ್ಕು, ಕಾಲು, ಕಣ್ಣಿನ ಹಿಂದಿನ ಹಳದಿ ಎಲ್ಲ ಸರಿಯಾಗಿತ್ತು. ಹೆಸರು ಮಾತ್ರ ಕನ್ನಡ ಅಕ್ಷರದಲ್ಲಿ 'ಸಾಲಿಕಾ' ಎಂದಿತ್ತು. ಪಕ್ಕದ ಹುಡುಗ ತಪ್ಪು ಎಂದ. ತಪ್ಪಲ್ಲ, ನಮ್ಮ ಹಳೆಯ ಕಾವ್ಯಗಳಲ್ಲಿ ಗಿಳಿಯ ಜೊತೆಗೆ ಮಾತನಾಡುವ ಸಾರಿಕೆಯೇ ಅದು ಎಂದು ಹೇಳಿ, ಅದರ ಕೆಳಗೆ 'ಗೊರವಂಕ' ಎಂದು ಅವಳ ಕೈಯಲ್ಲಿಯೇ ಬರೆಸಿದೆ. ಚಿತ್ರ ಈಗ ತರಗತಿಯ ಗೋಡೆಯ ಮೇಲಿದೆ, ಎರಡೂ ಹೆಸರುಗಳ ಸಹಿತ.