ಬಬ್ಬೂರಿನ ಬದು, ಚಳ್ಳಕೆರೆಯ ರನ್‌ವೇ

ಹಿರಿಯೂರಿನ ಕಡೆ ಹೊರಟವರು ವಾಣಿವಿಲಾಸ ಸಾಗರ ನೋಡದೆ ಬರುವುದಿಲ್ಲ. ನಾವು ಅದನ್ನೂ ಬಿಟ್ಟು ಬಬ್ಬೂರಿನ ಕೊಯ್ಲಾದ ಹೊಲವೊಂದಕ್ಕೆ ಹೋಗಿದ್ದೆವು. ಕಾರಿನ ಹಿಂದಿನ ಸೀಟಿನ ತುಂಬ ರೆಕ್ಕೆ ಬಿಚ್ಚಿಟ್ಟ ರಿಮೋಟ್ ವಿಮಾನ. ಅದಕ್ಕೆ ಪೆಟ್ಟಾಗದ ಹಾಗೆ ಮೂಲೆಯಲ್ಲಿ ಮುದುಡಿ ಕೂತಿದ್ದ ಅಕ್ಕನ ಮಗ. ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು. ಚಿತ್ರದುರ್ಗದ ಸೀಮೆಯಲ್ಲಿ ಮಳೆಗೆ ಬರ ಬಂದೀತು, ಗಾಳಿಗೆ ಬರವಿಲ್ಲ. “ಇಷ್ಟು ಗಾಳೀಲಿ ಹಾರಿಸೋದು ಕಷ್ಟ ಮಾವ” ಅಂದ.

ಹಾರುವ ಮಾತು ಆಮೇಲೆ. ಮೊದಲು ಅದು ನೆಟ್ಟಗೆ ಓಡಲೇ ಇಲ್ಲ. ಹೊಲದಂಚಿನ ಗಟ್ಟಿ ದಾರಿಯೇ ನಮ್ಮ ರನ್‌ವೇ. ಥ್ರಾಟಲ್ ಏರಿಸಿದ್ದೇ ತಡ, ವಿಮಾನ ಎಡಕ್ಕೆ ಎಳೆದು ಬದುವಿಗೆ ಮೂಗು ಗುದ್ದಿತು. ರಡ್ಡರ್ ಬಲಕ್ಕೆ ಕೊಟ್ಟರೂ ಅದೇ ಬದು. ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದ ಹಿರಿಯರೊಬ್ಬರು ನಿಂತು ನೋಡಿ, “ಅಚ್ಚು ಸೊಟ್ಟಗೈತಲ್ಲಪ್ಪ” ಅಂದವರೇ ಎಮ್ಮೆಗಳ ಹಿಂದೆ ನಡೆದರು. ಎತ್ತಿನ ಗಾಡಿ ಹೊಡೆದ ಕಣ್ಣಿರಬೇಕು.

ಕಾರಿನ ಬಾನೆಟ್ ಮೇಲೆ ಪೇಪರ್ ಹಾಸಿದೆವು. ಈ ವಿಮಾನದ ಲ್ಯಾಂಡಿಂಗ್ ಗೇರ್ ಎಂದರೆ ಬಗ್ಗಿಸಿದ ಉಕ್ಕಿನ ತಂತಿ, ಅದರ ಎರಡು ತುದಿಗೆ ಎರಡು ಚಕ್ರ, ಬಾಲದಡಿ ಒಂದು ಪುಟಾಣಿ ಚಕ್ರ. ಹುಡುಗ ಬಾಲದ ನಡುವಿನಿಂದ ಎರಡೂ ಚಕ್ರದ ಅಚ್ಚಿಗೆ ದಾರ ಹಿಡಿದು ಅಳೆದ. ಎಡಗಡೆ ಗಿಡ್ಡ, ಆ ಕಾಲು ಹಿಂದಕ್ಕೆ ಬಾಗಿದೆ. ಚಕ್ರದ ಮಗ್ಗುಲಿಗೆ ಸ್ಕೇಲ್ ಒತ್ತಿ ನೋಡಿದರೆ ಮುಖವೂ ಹೊರಗೆ ತಿರುಗಿದೆ. ತಿದ್ದುವಾಗ ಕೈಗೆ ಎರಡು ಇಕ್ಕಳ ಬೇಕು: ತಂತಿಯನ್ನು ಮೈಗೆ ಸೇರುವಲ್ಲಿ ಒಂದರಿಂದ ಬಿಗಿಹಿಡಿದು ಇನ್ನೊಂದರಿಂದ ತಿರುಚಬೇಕು. ಇಲ್ಲದಿದ್ದರೆ ತಂತಿಯ ಜೊತೆ ವಿಮಾನದ ಹೊಟ್ಟೆಯೂ ಕಿತ್ತುಬರುತ್ತದೆ.

ಮಾಡೆಲ್ ಹಾರಿಸುವವರಲ್ಲಿ ಹಲವರು ಚಕ್ರಗಳ ಮುಖವನ್ನು ಕೂದಲೆಳೆಯಷ್ಟು ಒಳಕ್ಕೆ ಇಡುತ್ತಾರೆ. ಟೋ-ಇನ್ ಎನ್ನುವುದು ಇದಕ್ಕೇ. ವಿಮಾನ ಎಡಕ್ಕೆ ವಾಲಿತೆನ್ನಿ. ಆಗ ಎಡಚಕ್ರ ಸಾಗುವ ದಿಕ್ಕಿಗೇ ಹೊಂದಿಕೊಂಡು ಸಲೀಸಾಗಿ ಉರುಳುತ್ತದೆ, ಬಲಚಕ್ರ ಇನ್ನಷ್ಟು ಅಡ್ಡವಾಗಿ ನೆಲವನ್ನು ಉಜ್ಜುತ್ತದೆ. ಆ ಉಜ್ಜಾಟ ಬಲಬದಿಯನ್ನು ಹಿಂದಕ್ಕೆ ಎಳೆದಾಗ ಮೂಗು ತಾನಾಗಿ ಬಲಕ್ಕೆ ಮರಳುತ್ತದೆ. ಎಲ್ಲರೂ ಇದನ್ನು ಒಪ್ಪುವುದಿಲ್ಲ, ನೇರವಾಗಿಡುವುದೇ ವಾಸಿ ಎನ್ನುವವರಿದ್ದಾರೆ. ಆದರೆ ಒಂದು ತಂತಿಯ ತಿರುಚಿನಲ್ಲಿ ಇಷ್ಟು ಬುದ್ಧಿ ಅಡಗಿಸಬಹುದಲ್ಲ ಎಂದು ನಾನು ಬೆರಗಾಗಿ ನಿಂತೆ. ಮುಂದಿನ ಓಟದಲ್ಲಿ ವಿಮಾನ ದಾರಿ ಹಿಡಿದೇ ಓಡಿತು, ಎದ್ದಿತು.

ಹಾರಾಟ ಮುಗಿಸಿ ನಾವು ಹೊರಟದ್ದು ಇನ್ನೊಂದು ರನ್‌ವೇಯ ದಿಕ್ಕಿಗೆ. ಹಿರಿಯೂರಿನಿಂದ ಬಳ್ಳಾರಿ ರಸ್ತೆ ಹಿಡಿದು ಉತ್ತರಕ್ಕೆ ಹೋದರೆ ಕಡಲೆಕಾಯಿ ಎಣ್ಣೆ ಮಿಲ್ಲುಗಳ ಚಳ್ಳಕೆರೆ. ಆ ತಾಲ್ಲೂಕಿನ ಕಾವಲಿನಲ್ಲಿ, ಕುರಿ ಮೇಯುತ್ತಿದ್ದ ಹುಲ್ಲುಗಾವಲಿನ ಮಧ್ಯೆ, ಡಿಆರ್‌ಡಿಓದ ವೈಮಾನಿಕ ಪರೀಕ್ಷಾ ವಲಯವಿದೆ. ಉದ್ಘಾಟನೆಯಾದದ್ದು 2017ರ ಮೇ 28ರಂದು. ಕುರಿಗಾರರ ಮೇವು ಬೇಲಿಯೊಳಗಾಯಿತು, ಆ ಕೊರಗು ಇನ್ನೂ ಇದೆ. ನಮ್ಮಂಥವರಿಗೂ ಒಳಗೆ ಪ್ರವೇಶವಿಲ್ಲ. ಆದರೂ ಆ ದಿಕ್ಕಿಗೆ ಕಾರು ಓಡಿಸುವಾಗ ಮೈ ಜುಮ್ಮೆಂದಿತು. ಇಸ್ರೋದ ರೆಕ್ಕೆಯುಳ್ಳ ಮರುಬಳಕೆ ಉಡಾವಣಾ ವಾಹನದ ಮಾದರಿ ಪುಷ್ಪಕ್ ಮೂರು ಸಲ ಇಳಿದದ್ದು ಇಲ್ಲೇ: 2023ರ ಏಪ್ರಿಲ್ 2, 2024ರ ಮಾರ್ಚ್ 22, ಅದೇ ವರ್ಷದ ಜೂನ್ 23. ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ಅದನ್ನು ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಹೊತ್ತೊಯ್ದು ಬಿಟ್ಟುಬಿಡುತ್ತದೆ. ಎಂಜಿನ್ ಇಲ್ಲ, ಒಳಗೆ ಪೈಲಟ್ ಇಲ್ಲ, ಕೆಳಗೆ ರಿಮೋಟ್ ಹಿಡಿದ ಅಕ್ಕನ ಮಗನೂ ಇಲ್ಲ. ಮೂರನೇ ಸಲ ರನ್‌ವೇ ನೇರದಿಂದ 500 ಮೀಟರ್ ಪಕ್ಕಕ್ಕೆ ಬಿಟ್ಟರು, ಅದೂ ಜೋರು ಗಾಳಿಯಲ್ಲಿ. ತಾನೇ ದಾರಿ ತಿದ್ದಿಕೊಂಡು ಬಂದು, ಗಂಟೆಗೆ 320 ಕಿಲೋಮೀಟರ್‌ಗೂ ಮಿಕ್ಕಿದ ವೇಗದಲ್ಲಿ ನೆಲ ಮುಟ್ಟಿತು. ಪ್ರಯಾಣಿಕರ ವಿಮಾನ ಇಳಿಯುವುದು 260ರ ಆಸುಪಾಸಿನಲ್ಲಿ. ಪ್ಯಾರಾಶೂಟ್ ಬಿಚ್ಚಿ ವೇಗ ನೂರರ ಹತ್ತಿರ ಬಂದ ಮೇಲೆ ಚಕ್ರದ ಬ್ರೇಕು. ಅಷ್ಟು ಹೊತ್ತೂ ನಡುಗೆರೆ ಬಿಡದಂತೆ ಕಾದದ್ದು ರಡ್ಡರ್ ಮತ್ತು ಮೂತಿಯ ಚಕ್ರ.

ಹುಡುಗನಿಗೆ ಇದಕ್ಕಿಂತ ಹಿಡಿಸಿದ ವಿಷಯ ಬೇರೆ. ಮೊದಲ ಇಳಿತದ ನಂತರ ಇಸ್ರೋದವರು ಪುಷ್ಪಕ್‌ನ ಲ್ಯಾಂಡಿಂಗ್ ಗೇರನ್ನು ಇನ್ನಷ್ಟು ಬಲಪಡಿಸಿದರು; ಎರಡನೆಯ ಸಲ ಇಳಿದದ್ದನ್ನೇ ಮೂರನೆಯ ಸಲ ಏನೂ ಬದಲಿಸದೆ ಇಳಿಸಿದರು. “ಹಂಗಾದ್ರೆ ಮೊದಲನೇ ಸಲ ಅವರಿಗೂ ಸಾಲಲಿಲ್ಲ!” ಎಂದು ತೊಡೆ ತಟ್ಟಿಕೊಂಡು, ಚಳ್ಳಕೆರೆಯಲ್ಲಿ ಸೈಕಲ್ ಅಂಗಡಿ ಕಂಡರೆ ನಿಲ್ಲಿಸಿ ಮಾವ, ದಪ್ಪನೆಯ ತಂತಿ ಸಿಗುತ್ತಾ ನೋಡೋಣ ಅಂದ.